ಅಮ್ಮನಿಲ್ಲದ ಮದುವೆಗೆ ಯಾವ ಹಾಡು?

ಪ್ರಶ್ನೆ: ನನಗೆ 27 ವರ್ಷ. ಊರು ಹಾಸನ ಜಿಲ್ಲೆಯ ಒಂದು ಹಳ್ಳಿ, ಕೆಲಸ ಬೆಂಗಳೂರಿನಲ್ಲಿ. ಇನ್ನೆರಡು ತಿಂಗಳಿಗೆ ಮದುವೆ. ಅಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ನಮ್ಮೂರಿನಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆ ಎತ್ತಿಕೊಡುತ್ತಿದ್ದವರು ಅಮ್ಮ. ಈಗ ನನ್ನ ಮದುವೆಯಲ್ಲಿ ಯಾವ ಹಾಡು, ಯಾವ ವಾದ್ಯ ಅನ್ನುವುದೇ ದೊಡ್ಡ ರಗಳೆಯಾಗಿದೆ. ಹಸೆಗೆ ಕರೆಯುವ ಹಾಡು ಹೇಳದಿದ್ದರೆ ನಿಮ್ಮಮ್ಮನ ಆತ್ಮಕ್ಕೆ ನೋವಾಗುತ್ತದೆ ಅಂತ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ ಹೇಳುತ್ತಾರೆ. ಆ ಹಾಡು ಕಿವಿಗೆ ಬಿದ್ದರೆ ನನಗೆ ಅಳು ತಡೆಯಲು ಆಗುವುದಿಲ್ಲ. ಗಂಡಿನ ಮನೆಯವರಿಗೆ ಡಿಜೆ ಬೇಕು, ಮಂಟಪಕ್ಕೆ ಬರುವಾಗ ಸಿನಿಮಾ ಹಾಡು ಬೇಕು. ಅವರು ಒಳ್ಳೆಯವರೇ. ನಾನು ಮದುವೆಯಾಗುವ ಹುಡುಗ, ಅಮ್ಮ ಹಾಡಿರುವ ಒಂದು ವಿಡಿಯೊ ಮೊಬೈಲಿನಲ್ಲಿದೆಯಲ್ಲ, ಅದನ್ನೇ ಮುಹೂರ್ತದಲ್ಲಿ ಸ್ಪೀಕರಿಗೆ ಹಾಕಿಸೋಣ ಅನ್ನುತ್ತಾರೆ. ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ಕೂರುವುದು ಅಂತ ತೀರ್ಮಾನವಾಗಿದೆ. ಅಪ್ಪನನ್ನು ಏನು ಕೇಳಿದರೂ 'ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ' ಅಂತ ಎದ್ದು ಹೋಗುತ್ತಾರೆ. ವರ್ಷದ ಕಾರ್ಯ ಮುಗೀತಲ್ಲ, ಇನ್ನಾದರೂ ನಗುನಗುತ್ತಾ ಇರು ಅಂತ ಎಲ್ಲರ ಉಪದೇಶ. ಇದೆಲ್ಲ ಬೇಡ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮುಗಿಸಿಬಿಡೋಣ ಅನ್ನಿಸುತ್ತದೆ. ಹಸೆಮಣೆ ಮೇಲೆ ಕೂತು ಅತ್ತರೆ ಅಪಶಕುನವೇ? ನಾನು ನನ್ನ ಬಗ್ಗೆ ಮಾತ್ರ ಯೋಚಿಸುತ್ತಿದ್ದೇನೆಯೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಇಲ್ಲ ತಾಯಿ, ನೀವು ನಿಮ್ಮ ಬಗ್ಗೆ ಮಾತ್ರ ಯೋಚಿಸುತ್ತಿಲ್ಲ. ಪತ್ರದ ತುಂಬ ದೊಡ್ಡಮ್ಮ ಇದ್ದಾರೆ, ಅಪ್ಪ ಇದ್ದಾರೆ, ಹುಡುಗನ ಮನೆಯವರಿದ್ದಾರೆ. ಅವರನ್ನು ಒಳ್ಳೆಯವರು ಅಂತ ಬರೆಯಲೂ ನೀವು ಮರೆತಿಲ್ಲ. ನಿಮಗೆ ಏನು ಬೇಕು ಅನ್ನುವುದು ಮಾತ್ರ ಆ ಪತ್ರದಲ್ಲಿ ಎಲ್ಲೂ ಇಲ್ಲ.

ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಹಸೆಗೆ ಕರೆದ ತಾಯಿ, ತನ್ನ ಮಗಳನ್ನು ಕರೆಯುವ ಹೊತ್ತಿಗೆ ಇಲ್ಲ. ಈ ನೋವಿಗೆ ವರ್ಷದ ಲೆಕ್ಕ ಹತ್ತುವುದಿಲ್ಲ. ವರ್ಷದ ಕಾರ್ಯ ಮುಗಿದರೆ ಮನೆಯಲ್ಲಿ ಶುಭಕಾರ್ಯ ಮಾಡಬಹುದು ಅಂತ ಅರ್ಥ, ಅಷ್ಟೇ. ಮಗಳ ಮನಸ್ಸು ಆ ಗಡುವಿಗೆ ಕಟ್ಟುಬಿದ್ದಿರುವುದಿಲ್ಲ. ದಿನನಿತ್ಯದ ಕೆಲಸದಲ್ಲಿ ಹೇಗೋ ತಡೆದುಕೊಂಡಿದ್ದ ದುಃಖ ಇಂಥ ಸಂಭ್ರಮ ಹತ್ತಿರ ಬಂದಾಗ ಮತ್ತೆ ಹಸಿಯಾಗುತ್ತದೆ. ಅಮ್ಮ ಹೋದ ದಿನಗಳಿಗಿಂತ ಸೀರೆ ಆರಿಸಲು ಹೋದ ದಿನವೇ ಹೆಚ್ಚು ಅತ್ತೆ ಅನ್ನುವ ಹುಡುಗಿಯರಿದ್ದಾರೆ. ಅಣ್ಣನಿಲ್ಲದ ಮದುವೆ ಮಾಡಿಕೊಂಡವರು, ಅಪ್ಪನಿಲ್ಲದ ಮಂಟಪ ಹತ್ತಿದವರು ಇದನ್ನು ಓದುತ್ತಿದ್ದರೆ ಅವರಿಗೆ ನಿಮ್ಮ ಮಾತು ಚೆನ್ನಾಗಿಯೇ ಅರ್ಥವಾಗಿರುತ್ತದೆ.

ಹಸೆಯ ಮೇಲೆ ಅಳಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ ಅಳಬಹುದು. ನಮ್ಮ ಮದುವೆಗಳಲ್ಲಿ ಅಳುವಿಗೆ ಹಿಂದಿನಿಂದಲೂ ಜಾಗವಿದೆ. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಬೇರೆಯೇ ಹಾಡುಗಳಿವೆಯಲ್ಲವೇ? ಮಗಳನ್ನು ಬೀಗರ ಕೈಗೆ ಕೊಡುವಾಗ ಹೇಳುವ ಆ ಹಾಡುಗಳಿಗೆ ಹಾಡುವವರೂ ಅಳುತ್ತಾರೆ, ಕೇಳುವವರೂ ಅಳುತ್ತಾರೆ. ಅದನ್ನು ಅಪಶಕುನ ಅಂತ ಯಾರೂ ಅನ್ನುವುದಿಲ್ಲ. ನಿಮ್ಮ ಅಮ್ಮ ಅದೆಷ್ಟು ಸಲ ಆ ಹಾಡು ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಬೇಕು, ನೀವೇ ನೋಡಿರುತ್ತೀರಿ. ಇನ್ನು ತಾಳಿ ಕಟ್ಟುವ ಗಳಿಗೆ. ಪುರೋಹಿತರು ಗಟ್ಟಿಮೇಳ ಅಂತ ಕೂಗಿದೊಡನೆ ನಾಗಸ್ವರದವರು ಮೇಲಿನ ಸ್ವರಕ್ಕೆ ಏರುತ್ತಾರೆ, ಡೋಲಿನವರು ಬಲಗೈ ಬೆರಳಿನ ಕವಚದಲ್ಲೂ ಎಡಗೈ ಕೋಲಿನಲ್ಲೂ ಒಂದೇ ಸಮನೆ ಬಾರಿಸುತ್ತಾರೆ. ಸೀನು, ಕೆಮ್ಮು, ಬೇಡದ ಮಾತು ಯಾವುದೂ ಆ ಹೊತ್ತಿನಲ್ಲಿ ಕಿವಿಗೆ ಬೀಳಬಾರದು ಅಂತ ಹಿರಿಯರು ಮಾಡಿಕೊಂಡ ಏರ್ಪಾಡು ಅದು. ಆ ಸದ್ದಿನಲ್ಲಿ ನಿಮ್ಮ ಬಿಕ್ಕು ಪಕ್ಕದಲ್ಲಿ ಕೂತ ಹುಡುಗನ ಹೊರತು ಇನ್ಯಾರಿಗೂ ಕೇಳಿಸುವುದಿಲ್ಲ. ಅವರಿಗೆ ಕೇಳಿಸಿದರೆ ಒಳ್ಳೆಯದೇ.

ಈಗ ಜಗಳದ ವಿಷಯ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನಿಮ್ಮ ಮನೆಯಲ್ಲಿ ಸಂಗೀತದ ಬಗ್ಗೆ ಜಗಳ ಆಗುತ್ತಿಲ್ಲ. ಅಮ್ಮನ ಜಾಗದಲ್ಲಿ ಏನಿಡಬೇಕು ಅಂತ ತೋಚದೆ ಒಬ್ಬೊಬ್ಬರು ಒಂದೊಂದು ಹಾಡು ತಂದು ಇಡುತ್ತಿದ್ದಾರೆ.

ದೊಡ್ಡಮ್ಮ ನಿಮ್ಮ ತಾಯಿಯ ಆತ್ಮದ ಮಾತಾಡಿ ನಿಮಗೆ ಭಾರ ಹೊರಿಸಿದ್ದಾರೆ. ಆ ಮಾತು ಅವರು ಆಡಬಾರದಿತ್ತು. ಆದರೆ ಅವರೂ ತಂಗಿಯನ್ನು ಕಳೆದುಕೊಂಡವರು. ಬಹುಶಃ ಇಬ್ಬರೂ ಒಟ್ಟಿಗೆ ಹಾಡು ಕಲಿತವರು, ಒಬ್ಬರು ಸೊಲ್ಲು ಎತ್ತಿದರೆ ಇನ್ನೊಬ್ಬರು ಹಿಂದಿನಿಂದ ಹಿಡಿದುಕೊಂಡವರು. ಹಾಡು ನಿಂತುಹೋದರೆ ತಂಗಿ ಇನ್ನೊಮ್ಮೆ ಹೋದಂತೆ ಅನ್ನುವ ಭಯ ಅವರದು. ನಿಮ್ಮ ಅತ್ತೆಯಾಗುವವರಿಗೆ ಮಗನ ಮದುವೆಯಲ್ಲಿ ಮನಸಾರೆ ಕುಣಿಯಬೇಕು. ಅದರಲ್ಲಿ ತಪ್ಪೇನಿಲ್ಲ. ಸೊಸೆಯ ದುಃಖ ಎಷ್ಟು ಹಸಿಯಾಗಿದೆ ಅಂತ ಅವರಿಗೆ ಯಾರೂ ಹೇಳಿಲ್ಲದಿರಬಹುದು. ನಿಮ್ಮ ಹುಡುಗ ಒಂದು ದೊಡ್ಡ ಉಡುಗೊರೆ ಕೊಡಬೇಕು ಅಂತಿದ್ದಾರೆ, ಅದು ನಿಮಗೆ ಎಷ್ಟು ಚುಚ್ಚಬಹುದು ಅನ್ನುವ ಅಂದಾಜು ಅವರಿಗಿಲ್ಲ. ಅಪ್ಪನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮದುವೆಗೆ ಒಂದೇ ಸಂಗೀತ ಆರಿಸಬೇಕಾಗಿಲ್ಲ ಅನ್ನುವುದನ್ನು ಮೊದಲು ನೆನಪಿಟ್ಟುಕೊಳ್ಳಿ. ನಿಮ್ಮ ಕಡೆಯ ಮದುವೆಯಲ್ಲಿ ಚಪ್ಪರದ ದಿನ ಅರಿಶಿನಕ್ಕೂ ಬಳೆ ತೊಡಿಸುವುದಕ್ಕೂ ಹೆಂಗಸರ ಹಾಡು, ಸಂಜೆ ಆರತಕ್ಷತೆಗೆ ಆರ್ಕೆಸ್ಟ್ರಾ ಅಥವಾ ಡಿಜೆ, ಬೆಳಗ್ಗೆ ಮುಹೂರ್ತಕ್ಕೆ ವಾಲಗ, ಬೀಗರ ಕಾಲೆಳೆಯುವ ಪದ ಇನ್ನೊಂದು ಹೊತ್ತಿಗೆ. ಒಂದೊಂದು ಗಳಿಗೆಗೂ ಅದರದೇ ದನಿ ಇದೆ. ಹಾಗಾಗಿ 'ಸೋಬಾನೆಯೋ ಡಿಜೆಯೋ' ಅನ್ನುವ ಪ್ರಶ್ನೆಯೇ ಏಳಬೇಕಾಗಿಲ್ಲ. ಎರಡೂ ಒಂದೇ ಗಳಿಗೆಗೆ ಬಂದು ಡಿಕ್ಕಿ ಹೊಡೆಯದಂತೆ ನೋಡಿಕೊಂಡರೆ ಸಾಕು.

ಇಷ್ಟೆಲ್ಲದರ ನಡುವೆ ಒಂದೇ ಒಂದು ಗಳಿಗೆಯನ್ನು ನಿಮ್ಮದು ಅಂತ ಆರಿಸಿಕೊಳ್ಳಿ. ಅದರಲ್ಲಿ ನಿಮ್ಮ ಮಾತೇ ಕೊನೆ. ಉಳಿದದ್ದರಲ್ಲಿ ಬಿಟ್ಟುಕೊಡಿ. ನನ್ನ ಊಹೆಯಲ್ಲಿ ಆ ಗಳಿಗೆ ಹಸೆಗೆ ಕರೆಯುವುದೇ, ಆದರೆ ನೀವು ಬೇರೆ ಹೇಳಿದರೆ ಬೇರೆ. ಹಾಡು ಬೇಕು ಅನ್ನಿಸಿದರೆ ದೊಡ್ಡಮ್ಮನೇ ಎತ್ತಿಕೊಡಲಿ, ಜೊತೆಗೆ ಊರಿನ ನಾಲ್ಕು ಹೆಂಗಸರು ನಿಲ್ಲಲಿ. ಬೇಡವೇ ಬೇಡ ಅನ್ನಿಸಿದರೆ ಹಸೆಯ ಹಾಡು ಚಪ್ಪರದ ದಿನ ಮನೆಯಲ್ಲೇ ಆಗಲಿ, ಛತ್ರದಲ್ಲಿ ಆರತಿ ಹಾಡೊಂದೇ ಇರಲಿ. ಅದರಿಂದ ನಿಮ್ಮ ತಾಯಿಗೆ ನೋವಾಗುವುದಿಲ್ಲ. ಮಗಳು ಹಸೆಯಿಂದ ಎದ್ದು ಓಡಿಹೋಗುವಷ್ಟು ಕಷ್ಟಪಟ್ಟರೂ ಪರವಾಗಿಲ್ಲ, ಹಾಡು ಹೇಳಿಸಲೇಬೇಕು ಅನ್ನುವ ತಾಯಿ ಅವರಾಗಿದ್ದರೇ? ನೀವು ಬರೆದದ್ದನ್ನು ನೋಡಿದರೆ ಖಂಡಿತ ಅಲ್ಲ.

ಹಾಡು ಇರಲಿ ಅಂತ ತೀರ್ಮಾನಿಸಿದರೆ ಅದನ್ನು ಮೊದಲ ಸಲ ಛತ್ರದಲ್ಲೇ ಕೇಳಿಸಿಕೊಳ್ಳಬೇಡಿ. ಒಂದು ದಿನ ದೊಡ್ಡಮ್ಮನ ಮನೆಗೆ ಹೋಗಿ ಅಡುಗೆಮನೆಯಲ್ಲಿ ಅವರ ಪಕ್ಕ ಕೂತು ಹೇಳಿಸಿ. ಮೊದಲ ಸೊಲ್ಲಿಗೇ ಅಳು ಬರುತ್ತದೆ, ಬರಲಿ. ಸಾಧ್ಯವಾದರೆ ಇನ್ನೊಂದು ವಾರ ಮತ್ತೆ ಹೋಗಿ. ಅಳು ಪೂರ್ತಿ ನಿಂತುಹೋಗುವುದಿಲ್ಲ, ನಿಲ್ಲಿಸುವುದು ನಮ್ಮ ಉದ್ದೇಶವೂ ಅಲ್ಲ. ನೂರಾರು ಜನರ ಮುಂದೆ ಅದು ನಿಮ್ಮ ಮೇಲೆ ಇದ್ದಕ್ಕಿದ್ದಂತೆ ಎರಗಬಾರದು, ಅಷ್ಟೇ. ಒಂದೆರಡು ನುಡಿ ನೀವೂ ಕಲಿತುಬಿಟ್ಟರೆ ಇನ್ನೂ ಒಳ್ಳೆಯದು. ಅಮ್ಮನ ಹಾಡಿನ ಪುಸ್ತಕ ಏನಾದರೂ ಇದೆಯೇ ಅಂತ ಟ್ರಂಕಿನಲ್ಲಿ ಹುಡುಕಿ. ಇಲ್ಲದಿದ್ದರೆ ದೊಡ್ಡಮ್ಮ ಹೇಳಿದ ಹಾಗೆ ಈಗಲೇ ಬರೆದುಕೊಳ್ಳಿ. ಸೋಬಾನೆ ಪದಗಳು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಒಂದು ಮನೆಯಲ್ಲಿ ಹಾಡುವವರಿಲ್ಲವಾದರೆ ಆ ಮನೆಯ ಪಾಠವೂ ಹೋಗುತ್ತದೆ. ದೊಡ್ಡಮ್ಮನಿಗೆ ಬೇಕಾಗಿರುವುದು ಇದೇ ಇರಬಹುದು: ತಂಗಿಯ ಮಗಳು ಪಕ್ಕದಲ್ಲಿ ಕೂತು, ಮುಂದಿನ ನುಡಿ ಯಾವುದು ದೊಡ್ಡಮ್ಮ, ಅಂತ ಕೇಳುವುದು.

ವಿಡಿಯೊವನ್ನು ಮುಹೂರ್ತದಲ್ಲಿ ಹಾಕಿಸುವುದು ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕಲ್ಯಾಣ ಮಂಟಪದ ಮುಹೂರ್ತದ ಹೊತ್ತು ನಿಮಗೆ ಗೊತ್ತಿದೆ. ಪುರೋಹಿತರ ಮೈಕು ಒಂದು ಕಡೆ, 'ಸ್ವಲ್ಪ ಈ ಕಡೆ ನೋಡಿ ಮೇಡಂ' ಅನ್ನುವ ಫೋಟೊದವರು ಇನ್ನೊಂದು ಕಡೆ, ಮೊದಲ ಪಂಕ್ತಿಗೆ ಏಳುವವರ ಕುರ್ಚಿ ಸದ್ದು. ಮೊಬೈಲಿನಲ್ಲಿ ಹಿಡಿದ ದನಿ ಆ ಸ್ಪೀಕರಿನಲ್ಲಿ ಒಡೆದು ಬರುತ್ತದೆ. ಅಮ್ಮನ ದನಿಯ ಮೇಲೆ ಯಾರೋ ನಗುತ್ತಾ ಮಾತಾಡಿದರೂ ನಿಮಗೆ ತಡೆಯಲಾಗುವುದಿಲ್ಲ. ಆ ನೆನಪು ಮುಂದೆ ಮದುವೆಯ ಜೊತೆಗೇ ಅಂಟಿಕೊಂಡಿರುತ್ತದೆ. ಹುಡುಗನಿಗೆ ಹೀಗೆ ಹೇಳಿ: ನೀವು ಇದನ್ನು ಯೋಚಿಸಿದ್ದೇ ನನಗೆ ತುಂಬ ಹಿಡಿಸಿತು, ಆದರೆ ಅದನ್ನು ನಾವು ಮನೆಯವರು ಮಾತ್ರ ಕೇಳೋಣ. ಚಪ್ಪರದ ಹಿಂದಿನ ರಾತ್ರಿ ಕೇಳಬಹುದು, ಮದುವೆ ಮುಗಿದು ತಿಂಗಳಾದ ಮೇಲೂ ಕೇಳಬಹುದು. ಒಂದು ಕೆಲಸ ಮಾತ್ರ ಇವತ್ತೇ ಮಾಡಿ, ಆ ವಿಡಿಯೊವನ್ನು ಬೇರೆ ಎರಡು ಕಡೆ ಉಳಿಸಿಡಿ. ಮೊಬೈಲು ಕೆಟ್ಟುಹೋಗಿ ದನಿಯೂ ಹೋಯಿತು ಅಂತ ಕೊರಗುವವರನ್ನು ಕಂಡು ಈ ಮಾತು ಹೇಳುತ್ತಿದ್ದೇನೆ.

ವಾಲಗದವರ ಜೊತೆ ಮೊದಲೇ ಕೂತು ಮಾತಾಡುವುದನ್ನು ನಮ್ಮ ಜನ ಬಿಟ್ಟೇಬಿಟ್ಟಿದ್ದಾರೆ. ಮುಂಗಡ ಕೊಡುತ್ತಾರೆ, ಎಷ್ಟು ಗಂಟೆಗೆ ಬರಬೇಕು ಅಂತ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಅವರು ಕಲಾವಿದರು. ಏನು ಬೇಕು, ಏನು ಬೇಡ ಅಂತ ಕೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಹಸೆಗೆ ಕರೆಯುವಾಗ ಐದು ನಿಮಿಷ ವಾದ್ಯ ನಿಲ್ಲಿಸಿ, ಹೆಂಗಸರು ಹಾಡುತ್ತಾರೆ ಅಂತ ಮೊದಲೇ ಹೇಳದಿದ್ದರೆ ನಾಗಸ್ವರದ ಮುಂದೆ ಆ ನಾಲ್ಕು ಕೊರಳು ಕೇಳಿಸುವುದೇ ಇಲ್ಲ. ಧಾರೆಯ ಹೊತ್ತಿಗೆ ಸಾವಧಾನದ ಒಂದು ಕೀರ್ತನೆ ಕೇಳಿ, ಕಲ್ಯಾಣಿಯೋ ಮೋಹನವೋ ಅವರೇ ನೋಡಿಕೊಳ್ಳುತ್ತಾರೆ. ಶೋಕದ ರಾಗವೆಂದು ಹೆಸರಾದ ಮುಖಾರಿಯಂಥದ್ದನ್ನು ಮದುವೆಯಲ್ಲಿ ಅವರಾಗಿಯೇ ಮುಟ್ಟುವುದಿಲ್ಲ. ಇನ್ನು ಊಟದ ಹೊತ್ತಿಗೆ ಹಳೆಯ ಕನ್ನಡ ಸಿನಿಮಾ ಹಾಡುಗಳನ್ನು ನಾಗಸ್ವರದಲ್ಲಿ ಬಹಳ ಸೊಗಸಾಗಿ ನುಡಿಸುವವರಿದ್ದಾರೆ. ಅಮ್ಮನಿಗೆ ಇಷ್ಟವಾದ ರಾಜ್‌ಕುಮಾರ್ ಹಾಡೊಂದು ಇದ್ದೇ ಇರುತ್ತದೆ. ಸೋಬಾನೆ ಕೇಳಿದರೆ ಎದೆ ಒಡೆಯುತ್ತದೆ ಅನ್ನುವವರಿಗೆ ಇದು ಸ್ವಲ್ಪ ಹಗುರವಾದ ದಾರಿ. ಅಮ್ಮ ಅಲ್ಲಿರುತ್ತಾರೆ, ಆದರೆ ಪದಗಳಿರುವುದಿಲ್ಲ.

ಮಂಗಳವಾದ್ಯ ಅಂದರೆ ದುಃಖ ಹತ್ತಿರ ಸುಳಿಯಬಾರದ ವಾದ್ಯ ಅಂತಲೂ ಭಾವಿಸಬೇಕಿಲ್ಲ. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜ್‌ಕುಮಾರ್ ಪಾತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಮದುವೆಮನೆಯ ಅದೇ ವಾದ್ಯ ಅಲ್ಲಿ ಒಬ್ಬ ಮನುಷ್ಯನ ಸಂಕಟವನ್ನೂ ನುಡಿಯಿತು.

ಗಂಡಿನ ಮನೆಯವರ ಜೊತೆ ನೀವೊಬ್ಬರೇ ಮಾತಾಡಬೇಡಿ. ಮೊದಲು ಹುಡುಗನಿಗೆ ಎಲ್ಲವನ್ನೂ ಹೇಳಿ, ಆಮೇಲೆ ಇಬ್ಬರೂ ಒಟ್ಟಿಗೆ ಅತ್ತೆಯವರ ಬಳಿ ಹೋಗಿ. ಡಿಜೆ ಬೇಡ ಅಂತ ಶುರು ಮಾಡಬೇಡಿ. ಆರತಕ್ಷತೆಯ ಸಂಜೆ ಪೂರ್ತಿ ನಿಮ್ಮದು ಅತ್ತೆ, ನಿಮಗೆ ಬೇಕಾದ ಹಾಡು ಹಾಕಿಸಿ, ನಾನೂ ಕುಣಿಯುತ್ತೇನೆ. ಬೆಳಗ್ಗೆ ಹಸೆಗೆ ಬರುವ ಹತ್ತು ನಿಮಿಷ ಮಾತ್ರ ನನಗೆ ಬಿಟ್ಟುಕೊಡಿ, ಅಮ್ಮನ ನೆನಪಾಗುತ್ತದೆ — ಇಷ್ಟು ಹೇಳಿದರೆ ಸಾಕು. 'ನಾನೂ ಕುಣಿಯುತ್ತೇನೆ' ಅನ್ನುವುದನ್ನು ಮನಸ್ಸಿದ್ದರೆ ಮಾತ್ರ ಹೇಳಿ. ಕುಣಿಯಲು ಮನಸ್ಸಿಲ್ಲದಿದ್ದರೆ ಕೂತು ಚಪ್ಪಾಳೆ ತಟ್ಟಿದರೂ ಆದೀತು. ಆರತಕ್ಷತೆಯಲ್ಲಿ ಅಬ್ಬರದ ನಡುವೆ ಒಂದರ್ಧ ಗಂಟೆ ಭಾವಗೀತೆ ಇರಲಿ ಅನ್ನಿಸಿದರೆ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಇದೆ. 1942ರಲ್ಲಿ ಬಂದ ಆ ಪುಸ್ತಕದಲ್ಲಿ ತವರೂ ಇದೆ, ಹೊಸ ದಾಂಪತ್ಯವೂ ಇದೆ.

ಸಿನಿಮಾ ಹಾಡು ಬಂದರೆ ಸಂಪ್ರದಾಯ ಕೆಡುತ್ತದೆ ಅಂತ ದೊಡ್ಡಮ್ಮ ಅಂದರೆ ಅವರಿಗೆ ಕರಾವಳಿಯ ಮದುವೆಗಳ ವಿಷಯ ಹೇಳಿ. ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಜಗತ್ತಿಗೇ ಹೆಸರಾದರು. ಇಂದು ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂಟಪಗಳಲ್ಲಿ ಗಟ್ಟಿಮೇಳಕ್ಕೂ ಸ್ಯಾಕ್ಸೊಫೋನೇ. ಪರದೇಶದ ವಾದ್ಯ ಅಂತ ಅಲ್ಲಿ ಯಾರ ಮದುವೆಯೂ ನಿಂತಿಲ್ಲ.

ಡಿಜೆ ಇಟ್ಟುಕೊಂಡರೆ ಗೊತ್ತಿರಬೇಕಾದ ಎರಡು ಸಂಗತಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಿನಿಮಾ ಹಾಡು ಹಾಕಲು ಬೇರೆ ಲೈಸೆನ್ಸ್ ಬೇಕು ಅಂತ ಯಾರಾದರೂ ಹಣ ಕೇಳಿದರೆ ಗಾಬರಿಯಾಗಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆಗೂ ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ, 2023ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ರಿಜಿಸ್ಟರ್ ಮದುವೆಯ ಬಗ್ಗೆ ಬರೆದಿದ್ದೀರಿ. ಸರಳ ಮದುವೆ ಬಹಳ ಗೌರವದ ದಾರಿ. ಕುವೆಂಪು ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ ಮಾಡಿಸಿದರು, ಇಂದಿಗೂ ಹಲವರು ಹಾಗೆ ಮದುವೆಯಾಗುತ್ತಾರೆ. ನಿಮ್ಮಿಬ್ಬರಿಗೂ ಮನಸಾರೆ ಅದೇ ಬೇಕಾಗಿದ್ದರೆ ಹಿರಿಯರನ್ನು ಕೂರಿಸಿಕೊಂಡು ಹೇಳಿ. ಆದರೆ ಹಾಡಿಗೆ ಹೆದರಿ ಮದುವೆಯನ್ನೇ ಮುಗಿಸಿಬಿಡೋಣ ಅನ್ನಿಸುತ್ತಿದ್ದರೆ ಒಂದೆರಡು ವಾರ ಆ ತೀರ್ಮಾನ ತೆಗೆದುಕೊಳ್ಳಬೇಡಿ. ಸಹಿ ಹಾಕುವ ಕೋಣೆ ಎಷ್ಟು ಮೌನವಾಗಿದ್ದರೂ ಅಮ್ಮ ಅಲ್ಲಿಯೂ ನೆನಪಾಗುತ್ತಾರೆ.

ಈಗ ಅಪ್ಪ. ಪತ್ರದಲ್ಲಿ ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಧಾರೆಗೆ ದೊಡ್ಡಪ್ಪ ದೊಡ್ಡಮ್ಮ ಕೂರುತ್ತಾರೆ. ದಂಪತಿಗಳೇ ಕೂರಬೇಕು ಅನ್ನುವ ರೂಢಿಯಿಂದ ಅದು ಹಾಗಾಗಿರಬಹುದು. ಆದರೆ ಯೋಚಿಸಿ ನೋಡಿ: ಹೆಂಡತಿ ಹೋದರು, ಅವರು ಹೋದ ಕಾರಣಕ್ಕೇ ಮಗಳನ್ನು ಧಾರೆ ಎರೆದು ಕೊಡುವ ಜಾಗವೂ ಹೋಯಿತು. ಮಂಟಪದ ಕೆಳಗೆ ನಿಂತು ನೋಡಬೇಕಾದ ಮನುಷ್ಯನನ್ನು ಯಾವ ಹಾಡು ಬೇಕು ಅಂತ ಕೇಳಿದರೆ ಎದ್ದು ಹೋಗದೆ ಇನ್ನೇನು ಮಾಡಿಯಾರು? ನಿಮ್ಮ ಮದುವೆಯ ಬಗ್ಗೆ ಅವರಿಗೆ ಉದಾಸೀನ ಅಂತ ನೀವು ಅಂದುಕೊಂಡಿದ್ದರೆ ಆ ಭಾವನೆಯನ್ನು ಬಿಟ್ಟುಬಿಡಿ.

ಪುರೋಹಿತರನ್ನೂ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ. ಧಾರೆಯ ನೀರು ಬೀಳುವಾಗ ಅಪ್ಪನೂ ಕೈ ಜೋಡಿಸಬಹುದೇ, ಪಕ್ಕದಲ್ಲೇ ನಿಲ್ಲಬಹುದೇ ಅಂತ. ಮಗಳೇ ಕೇಳಿದರೆ ಒಲ್ಲೆ ಅನ್ನುವವರು ಕಡಿಮೆ. ಒಪ್ಪಿದರೂ ಒಪ್ಪದಿದ್ದರೂ ವಾದ್ಯ ಸಂಗೀತದ ಉಸ್ತುವಾರಿ ಪೂರ್ತಿ ಅಪ್ಪನಿಗೆ ಕೊಡಿ. ವಾಲಗದವರಿಗೆ ವೀಳ್ಯ ಕೊಟ್ಟು ಕರೆಯುವುದು, ಅವರ ಊಟ ಉಪಚಾರ ನೋಡುವುದು, ಕೊನೆಯಲ್ಲಿ ಅವರಿಗೆ ಕೊಡಬೇಕಾದ್ದು ಕೊಟ್ಟು ಕಳಿಸುವುದು, ಎಲ್ಲ ಅವರದೇ. ಏನು ಬೇಕಪ್ಪ ಅಂತ ದೊಡ್ಡ ಪ್ರಶ್ನೆ ಕೇಳಬೇಡಿ. ಅಮ್ಮ ಕೆಲಸ ಮಾಡುತ್ತಾ ಯಾವ ಹಾಡು ಗುನುಗುತ್ತಿದ್ದರು, ನಿಮ್ಮ ಮದುವೆಯಲ್ಲಿ ವಾಲಗದವರು ಯಾವ ಊರಿನಿಂದ ಬಂದಿದ್ದರು ಅಂತ ಕೇಳಿ. ಸಣ್ಣ ಪ್ರಶ್ನೆಗೆ ಗಂಡಸರು ಬಾಯಿ ಬಿಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ವಾರಗಟ್ಟಲೆ ನಿದ್ದೆ ಬಾರದೆ ಇದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ಮದುವೆಯ ಗಡಿಬಿಡಿ ಅಂತ ತಳ್ಳಿಹಾಕಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್‌ಗೂ ಹೋಗಬಹುದು, ಹತ್ತಿರದ ಆಪ್ತಸಮಾಲೋಚಕರನ್ನೂ ಕಾಣಬಹುದು. ಅಪ್ಪನ ಮೇಲೂ ಒಂದು ಕಣ್ಣಿಡಿ, ನೀವು ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ ಉಳಿಯುವುದಾದರೆ ಇನ್ನೂ ಹೆಚ್ಚು. ಮದುವೆ ಮುಗಿದ ಮೊದಲ ಕೆಲವು ವಾರ ಯಾರು ಅವರ ಜೊತೆ ಇರುತ್ತಾರೆ ಅನ್ನುವುದನ್ನೂ ಈಗಲೇ ಮಾತಾಡಿಕೊಳ್ಳಿ.

ಈ ಭಾನುವಾರ ಊರಿಗೆ ಹೋಗುವುದಾದರೆ ವಾಲಗದವರಿಗೆ ಮುಂಗಡ ಕೊಡಲು ಅಪ್ಪನ ಜೊತೆ ಹೊರಡಿ. ಮುಹೂರ್ತ ಮುಗಿದ ಮೇಲೆ ಏನು ನುಡಿಸಲಿ ಅಂತ ಅವರು ಕೇಳಿದಾಗ ನೀವು ಸುಮ್ಮನಿರಿ, ಅಪ್ಪ ಹೇಳಲಿ.